ಬಸ್ಸಿನಲ್ಲಿ ಬಂದ ಅಳತೆ ಬ್ಲೌಸ್

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳನ್ನು ನಾನು ನಂಬುತ್ತಿರಲಿಲ್ಲ. ಯಾರಾದರೂ ಹೇಳಲು ಶುರು ಮಾಡಿದರೆ ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು, ಹ್ಞೂಂ ಹ್ಞೂಂ ಎನ್ನುತ್ತ ಮಿಷನ್ ತುಳಿಯುತ್ತಿದ್ದೆ. ಹಾಗಂತ ನನ್ನನ್ನು ಧೈರ್ಯಸ್ಥೆ ಅಂದುಕೊಳ್ಳಬೇಡಿ. ದೆವ್ವ ಒಂದನ್ನು ಬಿಟ್ಟು ಉಳಿದ ಎಲ್ಲಕ್ಕೂ ಹೆದರುತ್ತೇನೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ವಾಪಸ್ ಹೋಗುತ್ತೇನೆ. ಆರಿಸಿದ್ದು ಕಂಡ ಮೇಲೆ, ಆರಿಸಿದ್ದು ನಾನೇ ಹೌದೋ ಎಂದು ಇನ್ನೊಂದು ಚಿಂತೆ.

ಶಿಕಾರಿಪುರದಲ್ಲಿ ಬಸ್ ಸ್ಟ್ಯಾಂಡಿಗೆ ಹತ್ತಿರವಾಗಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಹೆಂಗಸರ ಬಟ್ಟೆ ಮಾತ್ರ. ಸೀರೆಗೆ ಫಾಲ್ ಹಾಕಲು, ಕುಚ್ಚು ಕಟ್ಟಲು ಗಿರಿಜಕ್ಕ ಜೊತೆಗಿದ್ದಾಳೆ. ನನಗಿಂತ ಎಂಟು ವರ್ಷ ದೊಡ್ಡವಳು, ನನಗಿಂತ ಎಂಟು ಪಟ್ಟು ಬಾಯಿ. ಈ ಊರಿಗೆ ಬರುವ ಮೊದಲು ನಾನು ಸೊರಬ ತಾಲ್ಲೂಕಿನಲ್ಲಿ, ಜಡೆ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬನ ಹೆಂಡತಿಯಾಗಿದ್ದೆ. ಅವನು ಹೊಡೆಯುತ್ತಿದ್ದ. ಹೊಡೆತ ಮಾಯಿತು. ಅವನ ಇನ್ನೊಂದು ಆಟ ಇತ್ತು, ಅದು ಮಾಯಲಿಲ್ಲ. ಬೀಗದ ಕೈ ಬಚ್ಚಿಡುತ್ತಿದ್ದ. ನಾನು ಮನೆಯೆಲ್ಲ ಹುಡುಕಿ ಬೆವತ ಮೇಲೆ ನನ್ನ ಚೀಲದಿಂದಲೇ ತೆಗೆದು ತೋರಿಸುತ್ತಿದ್ದ. “ನಿನ್ನ ತಲೆ ಸರಿ ಇಲ್ಲ ಕಣೆ,” ಎನ್ನುತ್ತಿದ್ದ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆನೇನೋ, ಮರುಕದಿಂದ ಹೇಳುತ್ತಿದ್ದ. ಏಳು ವರ್ಷ ಅದನ್ನೇ ಕೇಳಿದರೆ ಯಾರಿಗಾದರೂ ಹೌದೇನೋ ಅನ್ನಿಸುತ್ತದೆ. ಕೊನೆಗೊಂದು ದಿನ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ.

ಅದಾಗಿ ಎಷ್ಟೋ ವರ್ಷಗಳ ಮೇಲೆ, ಅಂದರೆ ಈಗ್ಗೆ ಮೂರು ವರ್ಷದ ಹಿಂದೆ ನಡೆದದ್ದು ಇದು. ನಮ್ಮ ಕಡೆ ಹಳ್ಳಿಯವರು ಬಟ್ಟೆ ಹೊಲಿಸಲು ತಾವೇ ಬರಬೇಕೆಂದಿಲ್ಲ. ಮೈಗೆ ಸರಿಯಾಗಿ ಕೂರುವ ಹಳೆಯ ಬ್ಲೌಸೊಂದನ್ನು ಅಳತೆಗೆಂದು ಹೊಸ ಬಟ್ಟೆಯ ಜೊತೆ ಕವರಿಗೆ ಹಾಕಿ, ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಸಾಕು. ಆ ಸೋಮವಾರವೂ ಹಾಗೇ ಒಂದು ಕವರ್ ಬಂತು. ಒಳಗೆ ನೀಲಿ ಬಟ್ಟೆ, ಒಂದು ಹಸಿರು ಅಳತೆ ಬ್ಲೌಸು, ಕ್ಯಾಲೆಂಡರಿನ ಹಾಳೆ ಹರಿದು ಪೆನ್ಸಿಲಿನಲ್ಲಿ ಬರೆದ ಚೀಟಿ. “ಇದೇ ಅಳತೆ. ಬಲದ ತೋಳೂ ಎಡದಷ್ಟೇ ಉದ್ದ ಇರಲಿ. ಗುರುವಾರ ಇದೇ ಬಸ್ಸಿಗೆ ಕೊಡಿ.” ಹೆಸರಿಲ್ಲ, ಫೋನ್ ನಂಬರಿಲ್ಲ.

ಬ್ಲೌಸನ್ನು ಒಳಮಗ್ಗುಲು ತಿರುಗಿಸಿದೆ. ಟೇಪು ಹಿಡಿದು ಎರಡು ಸಲ ಅಳೆದೆ.

ಎಡದ ತೋಳು ಬಲದ್ದಕ್ಕಿಂತ ಒಂದೂವರೆ ಇಂಚು ಉದ್ದ. ಹಸಿರು ಬಟ್ಟೆಗೆ ಒಳಗಡೆ ಮೆರೂನ್ ದಾರದ ಹೊಲಿಗೆ. ಅದು ನನ್ನ ಬ್ಲೌಸು, ನಾನೇ ಹೊಲಿದದ್ದು. ಹಸಿರು ದಾರ ಮುಗಿದಿತ್ತು, ಆನವಟ್ಟಿಗೆ ಹೋಗಿ ತರುತ್ತೇನೆಂದರೆ ಅವನು ಬಿಟ್ಟಿರಲಿಲ್ಲ. ಎಡ ಮೊಣಕೈಯ ಮೇಲಿನ ಕಲೆ ಊರವರಿಗೆ ಕಾಣಬಾರದೆಂದು ಆ ಒಂದೇ ತೋಳನ್ನು ಉದ್ದ ಮಾಡಿದ್ದೆ. ಬಿಟ್ಟು ಬಂದ ಬಟ್ಟೆ ಇಷ್ಟು ವರ್ಷ ಇಲಿ ಪಾಲಾಗದೆ ಉಳಿದದ್ದು ದೊಡ್ಡ ಮಾತಲ್ಲ. ಆದರೆ ಅದಕ್ಕೆ ಹೊಸ ಕೊಕ್ಕೆ ಹಾಕಿದ್ದರು. ಕಂಕುಳಲ್ಲಿ ಬೆವರಿನ ಕಲೆ ಹಸಿಯಾಗಿತ್ತು. ಯಾರೋ ಅದನ್ನು ಈಗಲೂ ತೊಡುತ್ತಿದ್ದಾರೆ. ಅವರಿಗೆ ಈಗ ಬಲದ ತೋಳೂ ಉದ್ದ ಬೇಕಾಗಿದೆ.

ಗಿರಿಜಕ್ಕ ಚೀಟಿಯನ್ನು ಎರಡು ಸಲ ಓದಿದಳು. “ಅವ್ನು ಇನ್ನೊಂದು ಮದ್ವೆ ಆಗಿದಾನೆ ಮಾರಾಯ್ತಿ. ಆ ಹುಡುಗಿ ತೋಳು ಏನಾಗಿದೆಯೋ, ನೋಡ್ದೋರಿಲ್ಲ.”

ನನಗೆ ಬೇರೆಯದೇ ಗುಮಾನಿ. ಅವನಿಗೆ ನನ್ನ ಅಂಗಡಿ ಗೊತ್ತಾಗಿದೆ, ಹಳೆಯ ಆಟ ಮತ್ತೆ ಶುರುವಾಗಿದೆ. ಮರುದಿನ ಕಂಡಕ್ಟರನನ್ನು ಹಿಡಿದು, ಕವರ್ ಕೊಟ್ಟ ಗಂಡಸು ಹೇಗಿದ್ದ ಎಂದು ಕೇಳಿದೆ.

“ಗಂಡಸಲ್ರೀ ಅಕ್ಕಾರೆ, ಹೆಂಗಸು. ಜಡೆ ಸ್ಟಾಪಲ್ಲಿ ನಿಂತಿದ್ರು. ನಿಮ್ ತಂಗಿ ಅಲ್ವಾ?”

“ನಂಗೆ ತಂಗಿ ಇಲ್ಲಪ್ಪ.”

“ಮತ್ತೆ ಮುಖ ಎಲ್ಲಾ ನಿಮ್ದೇ ಐತಲ್ರೀ! ಬೇಜಾರ್ ಮಾಡ್ಕಬೇಡಿ, ನಿಮಗಿಂತ ಸ್ವಲ್ಪ ಸಣ್ಣಗಿದ್ರು.”

ಬೇಜಾರಾಗಲು ಪುರುಸೊತ್ತಿರಲಿಲ್ಲ. ಬುಧವಾರ ಬ್ಲೌಸು ಹೊಲಿದು ಮುಗಿಸಿದೆ. ಗುರುವಾರ ಅಂಗಡಿಗೆ ಬೀಗ ಹಾಕಿ, ಬೀಗವನ್ನು ನಾಲ್ಕು ಸಲ ಜಗ್ಗಿ ನೋಡಿ, ಗಿರಿಜಕ್ಕನ ಜೊತೆ ಅದೇ ಬಸ್ಸು ಹತ್ತಿದೆ. ಕವರ್ ನನ್ನ ತೊಡೆಯ ಮೇಲಿತ್ತು. ಶಿರಾಳಕೊಪ್ಪ ದಾಟುವ ತನಕ ಗಿರಿಜಕ್ಕ ಧೈರ್ಯ ಹೇಳಿದಳು, ಆಮೇಲೆ ಅವಳೂ ಕಿಟಕಿಯ ಕಂಬಿ ಹಿಡಿದು ಕೂತಳು. ಜಡೆ ಸ್ಟಾಪಿನಲ್ಲಿ ಯಾವ ಹೆಂಗಸೂ ಇರಲಿಲ್ಲ. ಮುಕ್ಕಾಲು ಗಂಟೆ ಕಾದೆವು. “ಇಲ್ಲೀವರೆಗೆ ಬಂದು ಟೀ ಕುಡ್ಕೊಂಡು ಹೋಗೋದಾ?” ಎಂದು ಗಿರಿಜಕ್ಕ ಎದ್ದಳು. ಆಟೋ ಮಾಡಿಕೊಂಡು ಅವನ ಮನೆಗೇ ಹೋದೆವು.

ಬಾಗಿಲು ಅವನೇ ತೆಗೆದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಬೆಚ್ಚಿಬೀಳಲೂ ಇಲ್ಲ, ಕೂಗಾಡಲೂ ಇಲ್ಲ. ನೆಂಟರನ್ನು ಕರೆದಂತೆ ಒಳಗೆ ಕರೆದು ನೀರು ಕೊಟ್ಟ. ನಾನು ಹಸಿರು ಬ್ಲೌಸು ತೋರಿಸಿ, ಇದನ್ನು ತೊಡುವವಳು ಯಾರು ಎಂದು ಕೇಳಿದೆ. ಬಸ್ಸಿನಲ್ಲಿ ಅಷ್ಟು ಹೊತ್ತು ಗಟ್ಟಿ ಮಾಡಿಕೊಂಡ ದನಿ ಅವನೆದುರು ಮತ್ತೆ ಹೆದರಿದ ಹೆಂಡತಿಯ ದನಿಯೇ ಆಯಿತು.

“ನಾನೆಲ್ಲಿ ಮತ್ತೆ ಮದ್ವೆ ಆದೆ?” ಎಂದ. “ಅದನ್ನ ನೀನೇ ತಗೊಂಡು ಹೋಗಿದ್ದೆ. ಈಗ ನೀನೇ ತಂದು ಯಾರದು ಅಂತ ಕೇಳ್ತಿದೀಯ.” ಆಮೇಲೆ ಗಿರಿಜಕ್ಕನ ಕಡೆ ತಿರುಗಿ, “ಇವ್ಳನ್ನ ಚೆನ್ನಾಗಿ ನೋಡ್ಕಳ್ರೀ. ಮರೆವು ಮೊದಲಿಂದ್ಲೂ ಇತ್ತು,” ಎಂದ. ಅದೇ ಮರುಕದ ದನಿ.

ಓದುವವರಿಗೆ ನಗು ಬರಬಹುದು. ಆ ಕ್ಷಣ ನಾನು ನಿಜವಾಗಿಯೂ ಯೋಚಿಸಿದೆ, ತಂದಿದ್ದೆನಾ? ಟ್ರಂಕಿನಲ್ಲಿ ಇಟ್ಟಿದ್ದೆನಾ? ಆ ಚೀಟಿಯನ್ನು ನಾನೇ ಬರೆದಿರಬಹುದಾ?

ಗಿರಿಜಕ್ಕ ಬಚ್ಚಲಿಗೆ ಹೋಗಬೇಕೆಂದು ನೆಪ ಹೇಳಿ ಹಿತ್ತಲತನಕ ಹೋಗಿ ಬಂದಳು. ಹೊರಗೆ ಬಂದ ಮೇಲೆ ಪಿಸುಗುಟ್ಟಿದಳು. “ಹಗ್ಗದ ಮೇಲೆ ಬರೀ ಲುಂಗಿ, ಬನೀನು. ಬಚ್ಚಲಲ್ಲಿ ಒಂದು ಬಳೆ ಚೂರಿಲ್ಲ, ಒಂದು ಕೂದಲೆಳೆ ಇಲ್ಲ. ಒಂಟಿ ಗಂಡಸಿನ ಬಚ್ಚಲು ಅಷ್ಟು ಚೊಕ್ಕ ಇರುತ್ತೇನೇ?” ಪಕ್ಕದ ಮನೆಯ ಮುದುಕಿ ಮಾತ್ರ, ನೀನು ಹೋದ ಮೇಲೆ ಆ ಮನೆಗೆ ಹೆಣ್ಣು ಬಂದದ್ದು ನಾ ಕಾಣೆ ತಂಗಿ, ಎಂದಳು. ಹಾಗೆಂದು ಹೇಳಿ ನನ್ನ ಮುಖವನ್ನು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನೋಡಿದಳು.

ಒಂದು ಮಾತು ಮುಚ್ಚಿಡಬಾರದು. ಅವನ ಒಳಕೋಣೆಯ ಬಾಗಿಲು ಹಾಕಿತ್ತು. ತೆಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮನೆಗೆ ಬಂದ ಮೇಲೆ ಆ ಬಾಗಿಲು ಕಣ್ಣಿಗೆ ಕಟ್ಟಿ, ಗಿರಿಜಕ್ಕನ ಒತ್ತಾಯಕ್ಕೆ ಠಾಣೆಗೆ ಹೇಳಿದೆವು. ಪೊಲೀಸರು ಹೋಗಿ ನೋಡಿದರು. ಕೋಣೆಯಲ್ಲಿ ಭತ್ತದ ಚೀಲಗಳಿದ್ದವಂತೆ, ಅಷ್ಟೇ.

ಹೊಸ ಬ್ಲೌಸು ನನ್ನ ಬಳಿಯೇ ಉಳಿದಿತ್ತು. ಕಳಿಸಲೋ ಬೇಡವೋ ಎಂದು ರಾತ್ರಿಯೆಲ್ಲ ಹೊರಳಾಡಿದೆ. ಇದು ಅವನ ಆಟವೇ ಆಗಿದ್ದರೆ ನಾನು ಮತ್ತೆ ಮೂರ್ಖಳಾಗುತ್ತೇನೆ, ಅದು ನನಗೆ ರೂಢಿ. ಆದರೆ ಆ ತೋಳು ನಿಜವಾಗಿದ್ದರೆ? ಬೆಳಿಗ್ಗೆ ಎದ್ದು ಬಲದ ತೋಳಿನ ಮಡಿಕೆ ಬಿಚ್ಚಿದೆ. ಬಿಳಿ ಬಟ್ಟೆಯ ತುಂಡಿನ ಮೇಲೆ ನನ್ನ ಫೋನ್ ನಂಬರ್ ಬರೆದು, “ಯಾವಾಗ ಬೇಕಾದರೂ ಬಾ” ಎಂದು ಸೇರಿಸಿ, ಮಡಿಕೆಯೊಳಗಿಟ್ಟು ಹೊಲಿದೆ. ಗಂಡಸರು ಬ್ಲೌಸಿನ ತೋಳಿನ ಮಡಿಕೆ ಮುಟ್ಟಿ ನೋಡುವುದಿಲ್ಲ. ತೊಡುವವಳಿಗೆ ಮಾತ್ರ ಅಲ್ಲೇನೋ ದಪ್ಪಗೆ ತಾಗುತ್ತದೆ. ಹಸಿರು ಬ್ಲೌಸಿನ ಜೊತೆ ಕವರಿಗೆ ಹಾಕಿ ಕಂಡಕ್ಟರ್ ಕೈಗೆ ಕೊಟ್ಟೆ.

ಸಂಜೆ ಕಂಡಕ್ಟರ್ ಅಂಗಡಿಗೇ ಬಂದ. “ಇಸ್ಕೊಂಡ್ರು ಅಕ್ಕಾರೆ. ಅಂಥಾ ಬಿಸಿಲಲ್ಲೂ ಮೈತುಂಬ ಸೆರಗು ಹೊದ್ದಿದ್ರು. ನೀವು ಬಂದ ದಿನ ಯಾಕೆ ಬರ್ಲಿಲ್ಲ ಅಂತ ಕೇಳ್ದೆ. ಬಂದಿದ್ದೆ, ಅವ್ರಿಗೆ ಕಾಣ್ಲಿಲ್ಲ ಅಂದ್ರು.”

ಅವತ್ತಿನಿಂದ ಗೊತ್ತಿಲ್ಲದ ನಂಬರುಗಳನ್ನೆಲ್ಲ ಎತ್ತತೊಡಗಿದೆ. ಸಾಲ ಬೇಕಾ, ಸೈಟು ಬೇಕಾ ಎನ್ನುವವರೆಲ್ಲ ನನ್ನ ಆತುರ ಕಂಡು ಖುಷಿಪಟ್ಟಿರಬೇಕು. ಒಂದೂವರೆ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಂದ ಫೋನಿನಲ್ಲಿ ಹೆಂಗಸಿನ ದನಿ, ಹಿಂದೆ ಬಸ್ಸಿನ ಹಾರ್ನು.

“ಅಂಗಡಿ ಎಷ್ಟೊತ್ತಿನ ತನಕ ತೆಗೆದಿರ್ತೀರಿ?”

ದಿನಕ್ಕೆ ನಾಲ್ಕು ಗಿರಾಕಿಗಳು ಕೇಳುವ ಪ್ರಶ್ನೆ. “ನೀವು ಬರೋ ತನಕ,” ಎಂದೆ. ಅವಳು ಫೋನ್ ಇಟ್ಟಳು. ತಿರುಗಿ ಮಾಡಿದರೆ ಸ್ವಿಚ್ ಆಫ್. ಇವತ್ತಿನವರೆಗೂ ಬಂದಿಲ್ಲ. ಆ ನಂಬರೂ ಮತ್ತೆ ಹತ್ತಿಲ್ಲ.

“ಹೆಸರೊಂದು ಕೇಳೋಕೆ ನಿಂಗೇನಾಗಿತ್ತು?” ಎಂದು ಗಿರಿಜಕ್ಕ ಇವತ್ತಿಗೂ ಬೈಯುತ್ತಾಳೆ. ಕೇಳಬಹುದಿತ್ತು. ನಾಲಗೆಯ ತುದಿಗೂ ಬಂದಿತ್ತು. ಅವಳು ನನ್ನ ಹೆಸರನ್ನೇ ಹೇಳಿಬಿಟ್ಟರೆ ಎಂದು ಸುಮ್ಮನಾದೆ.