ಒಂದೇ ಮಗ್ಗುಲಿನ ಕುದುರೆ ಸವಾರರು

ಓದುವ ಎಲ್ಲರಿಗೂ ನಮಸ್ಕಾರ. ನಾನು ದೊಡ್ಡವನಾದ ಮೇಲೆ ಶಾಲೆಗೆ ಹೋದವನು. ಹತ್ತನೇ ಕ್ಲಾಸು ಪಾಸಾಗುವಾಗ ಮೂವತ್ತೊಂದು ವರ್ಷ. ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾ ಇದ್ದೇನೆ, ತಪ್ಪು ಕಂಡ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ಊರು ಕಾರ್ಕಳ, ಈಗ ಇರೋದು ಮುಂಬಯಿಯ ಮಲಾಡಿನಲ್ಲಿ. ಹೋಟೆಲುಗಳಿಗೆ ಬೋರ್ಡು ಬರೆಯೋದು ನನ್ನ ಕೆಲಸ. ಈಗೆಲ್ಲ ಪ್ರಿಂಟು, ಆದ್ರೂ ಕೆಲವು ಹಳೇ ಹೋಟೆಲಿನವರು ತಿಂಡಿ ಪಟ್ಟಿ ಕೈಯಲ್ಲೇ ಬರೆಸ್ತಾರೆ. ಹಾಗೆ ಸಯನ್ನಿನ ಒಂದು ಹೋಟೆಲಲ್ಲಿ ಬರೀತಾ ಇದ್ದಾಗ ಕಾಫಿಗೆ ಬಂದ ಒಬ್ಬರು ನಿಂತು ನೋಡಿದ್ರು. ಮೈಸೂರು ಕಡೆಯವರು, ಬ್ಯಾಂಕಿನಿಂದ ರಿಟೈರ್ ಆದವರು. "ಸಣ್ಣ ಅಕ್ಷರ ಚೆನ್ನಾಗಿ ಬರೀತೀರಲ್ಲ, ನನ್ನ ಸೈನ್ಯ ನೋಡಿದೀರಾ?" ಅಂತ ಕೇಳಿ, ಪಕ್ಕದ ಬಿಲ್ಡಿಂಗಿನ ಅವರ ಮನೆಗೆ ಕರ್ಕೊಂಡು ಹೋದ್ರು.

ಹಾಲಿನಲ್ಲಿ ದೊಡ್ಡ ಮೇಜು, ಮೇಲೆ ಹಸಿರು ಬಟ್ಟೆ, ರಟ್ಟಿನ ಗುಡ್ಡ. ಅದರ ಮೇಲೆ ತವರದ ಸಿಪಾಯಿಗಳು. ಹೆಬ್ಬೆರಳಿಗಿಂತ ಗಿಡ್ಡ, ಉಗುರಿನಷ್ಟು ತೆಳು. ನಾಣ್ಯದ ಮೇಲಿನ ಚಿತ್ರವನ್ನು ಕತ್ತರಿಸಿ ನಿಲ್ಲಿಸಿದ ಹಾಗೆ. ಹಳೇ ಕಾಲದ ಯುದ್ಧಗಳನ್ನು ಇವುಗಳಿಂದ ಆಡ್ತಾರೆ. ದಾಳ ಹಾಕೋದು, ಸ್ಕೇಲಿನಲ್ಲಿ ಅಳೆದು ಸೈನ್ಯ ಮುಂದೆ ನಡೆಸೋದು. ಭಾನುವಾರ ನಾಲ್ಕೈದು ಜನ ಸೇರ್ತಿದ್ರು, ಎಲ್ಲರೂ ಓದಿದವರು. ನಾನು ತುಂಬ ಭಾನುವಾರ ಬಾಗಿಲ ಹತ್ತಿರ ನಿಂತು ನೋಡಿದೆ. ಬೋರ್ಡು ಬರೆಯುವವನು ಅಂತ ಚಾ ಕೊಡ್ತಿದ್ರು, ಮಾತಿಗೆ ಸೇರಿಸ್ತಿರಲಿಲ್ಲ. ಒಂದು ಸಲವಾದ್ರೂ ಆ ಮೇಜಿಗೆ ಕೂತು ಆಡ್ಬೇಕು ಅಂತ ನನಗೆ ಆಸೆ ಬಂತು.

ಬ್ಯಾಂಕಿನ ಸರ್‌ಗೆ ಹೇಳಿದೆ. ಬಣ್ಣ ಆಗದ ಸಿಪಾಯಿ ಮೇಜು ಹತ್ತಬಾರದು, ಆಡುವವನೇ ಬಣ್ಣ ಹಚ್ಬೇಕು ಅಂತ ಅವರಲ್ಲಿ ಕಾನೂನು. ಸರ್ ನಲವತ್ತು ಮರಾಠಾ ಸವಾರರನ್ನು ಬೋಳಾಗಿಯೇ ಕೊಟ್ರು.

ಎರಡು ತಿಂಗಳು ಹಿಡೀತು. ಒಂದೊಂದನ್ನೂ ರಟ್ಟಿನ ಮೇಲೆ ಮಲಗಿಸಿ ಪಗಡಿ, ಮೀಸೆ, ಕುದುರೆಯ ಕಣ್ಣು ಎಲ್ಲ ತೀಡಿದೆ. "ಎಂತ ಮಾರಾಯ್ರೆ, ಮೊಮ್ಮಕ್ಕಳ ಗೊಂಬೆ ಈಗ್ಲೇ ತಯಾರಾ?" ಅಂತ ಹೆಂಡತಿ ಕೇಳಿದ್ಳು. ನಮ್ಮ ಮಗಳಿಗೆ ಇನ್ನೂ ಹನ್ನೆರಡು ವರ್ಷ.

ಬಣ್ಣ ಮುಗಿದ ಭಾನುವಾರ ಸವಾರರನ್ನು ಸಾಲಾಗಿ ನಿಲ್ಲಿಸಿ ಕೂತೆ. ಮೇಜಿನ ಆಚೆ ಬದಿ ಕೂತವರು ಇತಿಹಾಸ ಪಾಠ ಮಾಡಿ ರಿಟೈರ್ ಆದ ಮರಾಠಿ ಪ್ರೊಫೆಸರು. ಕನ್ನಡಕ ಏರಿಸಿ ನೋಡಿ ಹಿಂದಿಯಲ್ಲಿ ಕೇಳಿದ್ರು, "ಭಾಯ್, ನಿಮ್ಮ ಸೈನ್ಯ ಎಲ್ಲಿ?"

"ಇದೇ ಅಲ್ವಾ ಸರ್!"

"ನನಗೆ ಬರೀ ತಗಡು ಕಾಣ್ತಾ ಉಂಟಲ್ಲ!"

ಎದ್ದು ಅವರ ಕಡೆ ಹೋಗಿ ನೋಡಿದೆ. ನಲವತ್ತೂ ಬೋಳು. ಎರಡು ತಿಂಗಳಲ್ಲಿ ನಾನು ಒಂದನ್ನೂ ಮಗುಚಿರಲಿಲ್ಲ. ಬೋರ್ಡಿನ ಹಿಂದಿನ ಮುಖ ಗೋಡೆಗೆ ಹೋಗ್ತದೆ, ಅದಕ್ಕೆ ಬಣ್ಣ ಹಾಕೋದು ದಂಡ. ಇಪ್ಪತ್ತು ವರ್ಷದ ಅಭ್ಯಾಸ.

ಬ್ಯಾಂಕಿನ ಸರ್‌ಗೆ ನಗು ತಡೀಲಿಕ್ಕೆ ಆಗ್ಲಿಲ್ಲ. "ರೀ, ಕುದುರೇನ ಗೋಡೆಗೆ ಮೊಳೆ ಹೊಡೀಬೇಕು ಅಂತಿದ್ರಾ?" ಆಮೇಲೆ ಪ್ರೊಫೆಸರಿಗೆ ಹೇಳಿದ್ರು, "ಇವತ್ತೊಂದು ದಿನ ಬಿಡಿ, ಅರ್ಧ ಬಣ್ಣ ಆಗಿದೆಯಲ್ಲ."

"ಹಾಗಾದ್ರೆ ಅರ್ಧ ಆಡ್ಲಿ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಸವಾರರನ್ನು ಡಬ್ಬಿಗೆ ತುಂಬಿಸಿದೆ. ಹೊರಡುವಾಗ ಪ್ರೊಫೆಸರು ಕರೆದ್ರು. "ಈ ಕಡೆಯದ್ದನ್ನೇ ಆ ಕಡೆ ಬರೀಬೇಡಿ. ಕತ್ತಿ ಬಲಗೈಯಲ್ಲಿ, ಗುರಾಣಿ ಎಡಗೈಯಲ್ಲಿ. ಮಗುಚಿದ್ರೆ ಗುರಾಣಿಯೇ ಪೂರಾ ಕಾಣ್ಬೇಕು."

ಮನೆಗೆ ಬಂದು ಮಗುಚಿ ನೋಡಿದೆ. ಗುರಾಣಿ, ಅದರ ಮೇಲೆ ನಾಲ್ಕು ಗುಂಡಿ, ಸೊಂಟಕ್ಕೆ ಕತ್ತಿಯ ಒರೆ. ಅಚ್ಚಿನಲ್ಲಿ ಎಲ್ಲ ಇತ್ತು. ಇನ್ನೂ ಆರು ವಾರ ಕೂತೆ.

ಎರಡನೇ ಸಲ ಪ್ರೊಫೆಸರು ಆಟಕ್ಕೆ ಮೊದಲು ಒಂದೊಂದನ್ನೂ ಎತ್ತಿ ಎರಡೂ ಬದಿ ನೋಡಿದ್ರು. ಒಂದು ಕುದುರೆಯ ಹೊಟ್ಟೆಗೆ ಬಣ್ಣ ತಪ್ಪಿತ್ತು. "ಇವನಿಗೆ ಇವತ್ತು ರಜೆ" ಅಂತ ಅದನ್ನು ಪಕ್ಕಕ್ಕೆ ಇಟ್ರು. ಉಳಿದ ಮೂವತ್ತೊಂಬತ್ತು ಮೇಜು ಹತ್ತಿದ್ವು.

ಒಂದು ಗಂಟೆಯೊಳಗೆ ಸೋತೆ. ಪ್ರೊಫೆಸರ ಕಡೆಯದ್ದು ಇಂಗ್ಲಿಷರ ಸೈನ್ಯ, ಅವರ ಫಿರಂಗಿ ಎದುರು ಸವಾರರನ್ನು ಸೀದಾ ನುಗ್ಗಿಸಿದ್ದು ನನ್ನದೇ ತಪ್ಪು. ಚಾ ಬಂತು. ಪ್ರೊಫೆಸರು ಸ್ಕೇಲು ಕೈಯಲ್ಲಿ ಹಿಡ್ಕೊಂಡು, "ಗುಡ್ಡದ ಹಿಂದಿನಿಂದ ಯಾಕೆ ಬರ್ಲಿಲ್ಲ ನೀವು?" ಅಂತ ಜೋರು ಮಾಡಿದ್ರು. "ಹಿಂದೆ ಜಾಗ ಎಲ್ಲಿತ್ತು ಇವರಿಗೆ?" ಅಂತ ಬ್ಯಾಂಕಿನ ಸರ್ ನನ್ನ ಪರ ಜಗಳಕ್ಕೆ ನಿಂತ್ರು. "ಜಾಗ ಇತ್ತು, ನಾನು ನೋಡ್ಲಿಲ್ಲ" ಅಂತ ನಾನು ಹೇಳಿದೆ. ಮುಕ್ಕಾಲು ಗಂಟೆ ನನ್ನ ಸೋಲಿನ ಬಗ್ಗೆಯೇ ಮಾತು. ನಾನು ಆ ಮೇಜಿಗೆ ಕೂತೇ ಇದ್ದೆ.

ನಿಮ್ಮ ಕೆಲಸದ ಅಭ್ಯಾಸ ಬೇರೆ ಕಡೆ ಹೀಗೆ ಕೈಕೊಟ್ಟದ್ದು ಉಂಟಾ? ಇದ್ರೆ ಎರಡು ಸಾಲು ಬರೀರಿ. ನಾನು ನಿಧಾನವಾಗಿ ಆದ್ರೂ ಓದ್ತೇನೆ.