ಸುಮಿತ್ರಮ್ಮನ ಗೊಂಬೆ ಬಾಗಿನ

ದಸರಾ ದೀಪ ನೋಡಲು ಹೋಗಿದ್ದ ಸೌಮ್ಯ ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತಳು. ಆರು ವರ್ಷದ ಮಗಳು ಸಿಂಚನಳ ಮಣಿಕಟ್ಟು ಇನ್ನೂ ಅವಳ ಮುಷ್ಟಿಯೊಳಗೇ ಇತ್ತು. ಅರಮನೆಯ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ. ನಡುವೆ ಯಾರೋ ನುಗ್ಗಿದ್ದರಿಂದ ಮಗಳ ಕೈ ಜಾರಿತ್ತು. ಬಲೂನು ಮಾರುವವನ ಪಕ್ಕದಲ್ಲಿ ಅವಳು ಸಿಕ್ಕಿದ್ದಳು, ನಗುತ್ತಲೇ ಸಿಕ್ಕಿದ್ದಳು. ಆದರೆ ಕೈ ಜಾರಿದ್ದಕ್ಕೂ ಸಿಕ್ಕಿದ್ದಕ್ಕೂ ನಡುವಿನ ಹೊತ್ತು ಸೌಮ್ಯಳ ಪಾಲಿಗೆ ಇನ್ನೂ ಮುಗಿದಿರಲಿಲ್ಲ.

“ಸಾಕಪ್ಪಾ ಸಾಕು. ಈ ದೇಶಕ್ಕೆ ಇನ್ನೊಂದು ಮಗು ಕೂಡ ಬೇಡ,” ಎಂದಳು, ಯಾರಿಗೆಂದಿಲ್ಲದೆ.

ಒಳಗೆ ನಡುಮನೆಯಲ್ಲಿ ಅವಳ ಅತ್ತೆ ಸುಮಿತ್ರಮ್ಮ ಗೊಂಬೆಗಳ ಮುಂದೆ ಕೂತಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಹಲಗೆಗಳ ಮೇಲೆ ಬಿಳಿ ಪಂಚೆ, ಅದರ ಮೇಲೆ ಗೊಂಬೆಗಳು. ಎಲ್ಲಕ್ಕೂ ಮೇಲೆ ಪಟ್ಟದ ರಾಜ ರಾಣಿ. ಸುಮಿತ್ರಮ್ಮನ ಮಡಿಲಲ್ಲಿ ಸ್ಟೀಲಿನ ದೊಡ್ಡ ಡಬ್ಬ, ಡಬ್ಬದ ತುಂಬ ಕೋಡುಬಳೆ.

“ಅಷ್ಟೊಂದು ಜನ ಇದ್ರಾ?” ಎಂದು ಕೇಳಿದರು.

“ಉಸಿರಾಡಕ್ಕೂ ಜಾಗ ಇರ್ಲಿಲ್ಲ ಅತ್ತೆ.”

“ಮಕ್ಳೂ ಇದ್ರಾ?”

“ರಾಶಿ.”

ಸುಮಿತ್ರಮ್ಮ ಡಬ್ಬದ ಮುಚ್ಚಳ ಹಾಕಿದರು. “ಅಂಗಾದ್ರೆ ಎಲ್ಲಾ ಅಲ್ಲೇ ಅವೆ ಬುಡು. ನಮ್ಮನೆಗೆ ಒಂದೂ ಬರ್ಲಿಲ್ಲ ಕಣಮ್ಮ.”

ಸುಮಿತ್ರಮ್ಮ ಗೊಂಬೆ ಕೂರಿಸುವ ಮನೆಯಲ್ಲಿ ಹುಟ್ಟಿದವರಲ್ಲ. ನಂಜನಗೂಡಿನ ಕಡೆಯ ಒಂದು ಹಳ್ಳಿಯಲ್ಲಿ ಒಂಬತ್ತು ಮಕ್ಕಳಲ್ಲಿ ಏಳನೆಯವರಾಗಿ ಹುಟ್ಟಿದವರು. ಇಬ್ಬರು ಶಾಲೆ ಮೆಟ್ಟಿಲು ಹತ್ತುವ ಮೊದಲೇ ತೀರಿಹೋದರು. ಉಳಿದವರಿಗೆ ಒಂದು ದೊಡ್ಡ ಕಂಬಳಿ. ಅಂಚಿನಲ್ಲಿ ಮಲಗಿದವರಿಗೆ ಚಳಿ, ನಡುವೆ ಮಲಗಿದವರಿಗೆ ಒದೆ. ಊಟಕ್ಕೆ ಕೂತಾಗ ಯಾರು ಉಂಡರು, ಯಾರು ಎರಡು ಸಲ ಉಂಡರು ಎಂದು ಅವರ ಅವ್ವನಿಗೆ ಗೊತ್ತಾಗುತ್ತಿರಲಿಲ್ಲ. ಈ ಕತೆಯನ್ನು ಅವರು ಹೇಳುವಾಗಲೆಲ್ಲ ಸೌಮ್ಯಳಿಗೆ ಅಯ್ಯೋ ಅನ್ನಿಸುತ್ತಿತ್ತು. ಹೇಳುವವರು ಮಾತ್ರ ಆ ಒದೆಯ ಮಾತಿಗೆ ಬಂದಾಗ ನಗುತ್ತಿದ್ದರು.

ಮದುವೆಯಾಗಿ ಮೈಸೂರಿಗೆ ಬಂದದ್ದು ಚಾಮಯ್ಯನವರ ಕೈ ಹಿಡಿದು. ಚಾಮಯ್ಯ ಊರಿಗೆ ನೀರು ಬಿಡುವ ಕೆಲಸದಲ್ಲಿದ್ದರು. ಕಬ್ಬಿಣದ ಉದ್ದನೆಯ ಕೀಲಿ ಹೆಗಲ ಮೇಲಿಟ್ಟುಕೊಂಡು ಸೈಕಲ್ ತುಳಿಯುತ್ತ, ಬೀದಿ ಬೀದಿಯ ಗುಂಡಿಗೆ ಬಗ್ಗಿ ವಾಲ್ವು ತಿರುಗಿಸುವುದು. ರಾಮಕೃಷ್ಣನಗರದಲ್ಲಿ ಅವರು ಮನೆ ಕಟ್ಟಿದಾಗ ಆಚೆ ದಟ್ಟಗಳ್ಳಿ ಕಡೆ ಇನ್ನೂ ರಾಗಿ ಹೊಲ. ಸಂಜೆ ವರಾಂಡದಲ್ಲಿ ಕೂತರೆ ಚಾಮುಂಡಿ ಬೆಟ್ಟದ ದೀಪದ ಸಾಲು ಪೂರ್ತಿ ಕಾಣುತ್ತಿತ್ತು. ಈಗ ಎದುರಿಗೆ ಅಪಾರ್ಟ್‌ಮೆಂಟು, ಬೆಟ್ಟ ಕಾಣಬೇಕೆಂದರೆ ತಾರಸಿ ಹತ್ತಬೇಕು.

ಪಕ್ಕದ ಮನೆಯ ಟೀಚರಮ್ಮ ಪ್ರತಿ ವರ್ಷ ಗೊಂಬೆ ಕೂರಿಸುತ್ತಿದ್ದರು. ಬೀದಿಯ ಮಕ್ಕಳೆಲ್ಲ ಗುಂಪು ಕಟ್ಟಿಕೊಂಡು ಬಂದು “ಗೊಂಬೆ ಕೂರ್ಸಿದ್ದೀರಾ?” ಎಂದು ಕೂಗಿದರೆ ಒಳಗೆ ಕರೆದು, ಗೊಂಬೆ ತೋರಿಸಿ, ಹಾಡು ಹೇಳಿಸಿ, ಕೈಗೊಂದು ತಿಂಡಿ ಕೊಟ್ಟು ಕಳಿಸುವುದು. ಅದೇ ಗೊಂಬೆ ಬಾಗಿನ. ಸುಮಿತ್ರಮ್ಮ ಕಾಂಪೌಂಡಿನ ಮೇಲಿಂದ ಅದನ್ನು ನೋಡುತ್ತ ನಿಂತಿರುತ್ತಿದ್ದರಂತೆ. ಎರಡು ವರ್ಷ ಹೀಗೆ ನೋಡಿದ ಮೇಲೆ ಟೀಚರಮ್ಮನೇ ಒಂದು ಜೊತೆ ಪಟ್ಟದ ಗೊಂಬೆ ತಂದುಕೊಟ್ಟು, “ಇನ್ನು ನೀವೂ ಕೂರಿಸಿ, ನನ್ನೊಬ್ಬಳ ಕೈಲಿ ಇವುಗಳ ಹೊಟ್ಟೆ ತುಂಬ್ಸಕ್ಕಾಗಲ್ಲ,” ಎಂದರಂತೆ.

ಅಷ್ಟು ಹೊತ್ತಿಗೆ ಮಗ ವಿಜಯ್‌ಕುಮಾರ್, ಅಂದರೆ ಸೌಮ್ಯಳ ಗಂಡ, ಹುಟ್ಟಿ ಮೂರು ವರ್ಷ. ಸುಮಿತ್ರಮ್ಮನಿಗೆ ಒಂದು ಹೆಣ್ಣು ಮಗು ಬೇಕಿತ್ತು. ಚಾಮಯ್ಯ ಬೇಡವೆಂದರು. ದಿನಾ ಬೆಳಗ್ಗೆ ನೀರಿಗಾಗಿ ಬಿಂದಿಗೆ ಹಿಡಿದು ಬಡಿದಾಡುವವರನ್ನು ನೋಡಿ ನೋಡಿ ಅವರ ತೀರ್ಮಾನ ಗಟ್ಟಿಯಾಗಿತ್ತು. “ಮನೆಗಳು ಮರಿ ಹಾಕ್ತಾವೆ. ಕಾವೇರಿ ಒಬ್ಳೇ ಕಣೇ, ಅವಳೇನು ಮರಿ ಹಾಕ್ತಾಳಾ?” ಅದೇ ವರ್ಷ ತಾರಸಿಯ ಮೇಲೆ ಇಟ್ಟಿಗೆಯ ನೀರಿನ ತೊಟ್ಟಿ ಕಟ್ಟಿಸಿದರು. ಇವತ್ತಿಗೂ ಸುಮಿತ್ರಮ್ಮ ಮನೆಗೆ ಬಂದವರಿಗೆ ಹೇಳುವುದುಂಟು: “ನಾನು ಒಂದು ಎಣ್ಣು ಕೂಸು ಕೇಳ್ದೆ. ನಮ್ಮನೆಯೋರು ಮನೆ ಮೇಲೆ ತೊಟ್ಟಿ ಕಟ್ಸಿಕೊಟ್ರು.”

ಹಾಗಾಗಿ ದಸರೆಯ ಸಂಜೆಗಳಲ್ಲಿ ಬೀದಿಯ ಮಕ್ಕಳೆಲ್ಲ ಅವರ ಮಕ್ಕಳು. ಟೋಪಿ ಹಾಕಿಕೊಂಡು ಎರಡನೆಯ ಸಲ ಬಂದವನನ್ನೂ ಅವರು ಗುರುತಿಸುತ್ತಿದ್ದರು, ಗುರುತಿಸದವರಂತೆ ಮತ್ತೆ ಕೊಡುತ್ತಿದ್ದರು.

ಸೌಮ್ಯಳಿಗೂ ಇದೆಲ್ಲ ಹೊಸದಲ್ಲ. ಅವಳು ಬೆಳೆದದ್ದು ಸಿದ್ಧಾರ್ಥನಗರದಲ್ಲಿ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು ಹಿಡಿದು ಗೆಳತಿಯರ ಜೊತೆ ಕತ್ತಲಾಗುವವರೆಗೆ ತಿರುಗಿದವಳು. ಯಾವ ಮನೆಯಲ್ಲಿ ರವೆ ಉಂಡೆ, ಯಾವ ಮನೆಯಲ್ಲಿ ಬರೀ ಕಡಲೆ ಉಸಲಿ ಎಂಬುದು ಬಾಯಿಪಾಠ. ಅವಳು ಯಾರ ಯಾರ ಮನೆಗೆ ಹೊಕ್ಕು ಬಂದಳೆಂದು ಅವಳಮ್ಮ ಒಂದು ದಿನವೂ ಕೇಳಿದ್ದಿಲ್ಲ. ಅದೇ ಸೌಮ್ಯ ಎಂಟನೆಯ ಕ್ಲಾಸಿನಲ್ಲಿ ‘ಜನಸಂಖ್ಯಾ ಸ್ಫೋಟ’ ಎಂದು ಪ್ರಬಂಧ ಬರೆದು ಬಹುಮಾನ ತೆಗೆದುಕೊಂಡಿದ್ದಳು. ಬರೆದಾಗ ಅದು ಬರೀ ಪಾಠ. ಈಗ ಶಾಲೆಯ ಸೀಟಿಗೆ ಸಾಲು, ಆಸ್ಪತ್ರೆಯಲ್ಲಿ ಸಾಲು, ರಿಂಗ್ ರೋಡ್ ದಾಟಲು ಸಾಲು. ಪೇಪರಿನಲ್ಲಿ ಒಂದು ದಿನ ಜನ ವಿಪರೀತವಾದರು ಎಂದು ಬರೆಯುತ್ತಾರೆ, ಇನ್ನೊಂದು ದಿನ ಮಕ್ಕಳು ಕಮ್ಮಿಯಾದರು, ಮುಂದೆ ಮುದುಕರೇ ತುಂಬುತ್ತಾರೆ ಎನ್ನುತ್ತಾರೆ. ಎರಡನ್ನೂ ಓದಿ ಸೌಮ್ಯ ಎರಡಕ್ಕೂ ಹೆದರುತ್ತಿದ್ದಳು. “ಇನ್ನೊಂದು ಯಾವಾಗಮ್ಮಾ?” ಎಂದು ನೆಂಟರು ಕೇಳಿದರೆ ಅಡುಗೆಮನೆಗೆ ಹೋಗಿ ನಿಲ್ಲುತ್ತಿದ್ದಳು. ಸಿಂಚನಳನ್ನಂತೂ ಗೇಟು ದಾಟಲು ಬಿಡುತ್ತಿರಲಿಲ್ಲ. ನಾಯಿ, ಬೈಕು, ಗುರುತಿಲ್ಲದ ಮುಖ, ಯಾರೋ ಕೊಡುವ ಚಾಕಲೇಟು.

ಮರುದಿನ ಬೆಳಗ್ಗೆ ಕಾಫಿ ಕುಡಿಯುವಾಗ ಸುಮಿತ್ರಮ್ಮ ಸಮಾಧಾನದಿಂದಲೇ ಹೇಳಿದರು:

“ಓದ್ ವರ್ಷ ಮೂರೇ ಮಕ್ಳು ಬಂದ್ವು. ಈ ವರ್ಷ ಅದೂ ಇಲ್ಲ. ವಿಜಯದಶಮಿ ಒಳಗೆ ಒಂದು ಕೂಸೂ ಬರ್ನಿಲ್ಲ ಅಂದ್ರೆ, ಗೊಂಬೆ ಮಲಗಿಸ್ತೀನಲ್ಲ, ಆಮೇಲೆ ಎಬ್ಬಿಸಲ್ಲ. ಯಾವ್ದಾದ್ರೂ ಶಾಲೆಗೆ ಕೊಟ್ಬುಡ್ತೀನಿ.”

ದಸರೆ ಮುಗಿದ ರಾತ್ರಿ ರಾಜ ರಾಣಿಯನ್ನು ಮಲಗಿಸಿ, ಆಮೇಲೆ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕುವುದು ಪದ್ಧತಿ. ಮತ್ತೆ ಎಬ್ಬಿಸುವುದಿಲ್ಲ ಎಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಅರ್ಥವಾಯಿತು. ಚಾಮಯ್ಯನವರು ಕೂಡ ಒಂದು ಗುಟುಕು ತಡೆದು ಕುಡಿದರು.

“ಒಳ್ಳೇದಾಯ್ತು ಬುಡು,” ಎಂದರು ಆಮೇಲೆ. “ಮಕ್ಳು ಕಮ್ಮಿ ಆಗವ್ರೆ ಅಂದ್ರೆ ಜನಕ್ಕೆ ಬುದ್ಧಿ ಬಂದದೆ ಅಂತ. ಅಂತೂ ನನ್ ಮಾತು ಕೇಳುದ್ರು.”

“ಕೇಳ್ತಾರೆ ಕೇಳ್ತಾರೆ. ಕೊನೆಗೆ ನಿಮ್ಮನ್ನ ಎತ್ತಕ್ಕೂ ನಾಲ್ಕು ಜನ ಬೇಕಲ್ಲ, ಆಗ ಅದೇ ನೀರು ಬಿಡೋ ಕೀಲೀನ ಕರೀರಿ,” ಎಂದರು ಸುಮಿತ್ರಮ್ಮ.

ಸೌಮ್ಯ ನಗು ತಡೆದುಕೊಂಡು ಒಗೆದ ಬಟ್ಟೆಯ ಬಕೆಟ್ಟು ಹಿಡಿದು ತಾರಸಿ ಹತ್ತಿದಳು. ಮಾವ ಹಿಂದೆಯೇ ಬಂದರು. ತೊಟ್ಟಿಯ ಮುಚ್ಚಳ ತೆಗೆದು ನೀರು ನೋಡುವುದು ಅವರ ದಿನಚರಿ. ನೋಡಿ, ಮುಚ್ಚಿ, ಎದುರಿನ ಅಪಾರ್ಟ್‌ಮೆಂಟಿನ ಕಡೆ ಗಲ್ಲ ಎತ್ತಿದರು.

“ಅಲ್ನೋಡು. ಸಣ್ಣ ಸಣ್ಣ ಚಡ್ಡಿ, ಸಣ್ಣ ಸಣ್ಣ ಯೂನಿಫಾರಮ್ಮು. ದಿನಾ ಒಣಗ್ತಾವೆ. ಮಕ್ಳಿಲ್ಲ ಅಂತಾಳೆ ನಿಮ್ಮತ್ತೆ.”

ಸೌಮ್ಯ ನೋಡಿದಳು. ಬಾಲ್ಕನಿಗೊಂದರಂತೆ ಪುಟ್ಟ ಬಟ್ಟೆಗಳು. ಮೂರನೆಯ ಮಹಡಿಯಲ್ಲಿ ಒಬ್ಬ ಹುಡುಗ ಕಂಬಿಗೆ ಮೂಗು ಒತ್ತಿ ಕೆಳಗಿನ ರಸ್ತೆ ನೋಡುತ್ತಿದ್ದ. ಒಳಗಿನಿಂದ ಹೆಂಗಸಿನ ದನಿ ಬಂತು: “ಅಮರ್, ಒಳಗ್ ಬಾ! ಅಲ್ಲಿ ನಿಲ್ಬೇಡ ಅಂತ ಎಷ್ಟು ಸಲ ಹೇಳ್ಬೇಕು?”

ಸೌಮ್ಯಳ ಕೈಯಲ್ಲಿದ್ದ ಟವೆಲ್ಲು ಕೈಯಲ್ಲೇ ಉಳಿಯಿತು. ಆ ದನಿ ಥೇಟ್ ಅವಳದೇ. ಅದೇ ಅವಸರ, ಕೊನೆಯಲ್ಲಿ ಅದೇ ನಡುಕ. ಅತ್ತೆಯ ಮನೆಗೆ ಮಕ್ಕಳು ಬರಲಿಲ್ಲವೆಂದು ಅವಳೂ ಒಳಗೊಳಗೆ ಮರುಗಿದ್ದಳು. ಆದರೆ ಮಕ್ಕಳು ಬರುವುದು ಗುಂಪಿನಲ್ಲಿ, ಆ ಗುಂಪು ಶುರುವಾಗುವುದು ಯಾರಾದರೂ ಒಬ್ಬರ ಮನೆಯಿಂದ. ಈ ಮನೆಯ ಮಗುವನ್ನು ಅವಳು ಒಂದು ಬಾಗಿಲಿಗಾದರೂ ಕಳಿಸಿದ್ದಳೇ?

ಆ ಸಂಜೆ ಅವಳು ಸಿಂಚನಳಿಗೆ ಲಂಗ ಹಾಕಿ, ಜಡೆಗೆ ಕೆಂಪು ರಿಬ್ಬನ್ ಕಟ್ಟಿ, ಅತ್ತೆಗೆ ಹೇಳದೆ ರಸ್ತೆ ದಾಟಿದಳು.

ಗೇಟಿನಲ್ಲಿ ವಾಚ್‌ಮನ್ ಮಂಟೇಸ್ವಾಮಿ ಎದ್ದು ನಿಂತ. “ಯಾರ ಮನೆಗೆ ಮೇಡಂ?”

“ಯಾರ ಮನೆಗೂ ಅಲ್ಲ. ಎಲ್ಲರ ಮನೆಗೂ. ಗೊಂಬೆ ಕೂರ್ಸಿದ್ದೀರಾ ಅಂತ ಕೇಳಕ್ಕೆ.”

ಅವನ ಮುಖ ಅರಳಿತು. “ಅಯ್ಯೋ, ಈಗ್ಲೂ ಕೇಳ್ತಾರಾ? ನಾನು ಚಿಕ್ಕವನಿದ್ದಾಗ ಜೇಬು ತುಂಬ ಉಸಲಿ ತುಂಬ್ಕೊಂಡು ಅವ್ವನ ಕೈಲಿ ಒದೆ ತಿಂದಿವ್ನಿ. ಓಗಿ ಓಗಿ.”

ಮೊದಲನೆಯ ಬಾಗಿಲು ತೆರೆದ ಹುಡುಗನ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಸಿಂಚನ ಅಮ್ಮನ ಹಿಂದೆ ಅವಿತುಕೊಂಡು, “ಗೊಂಬೆ ಕೂರ್ಸಿದ್ದೀರಾ?” ಎಂದಳು.

“ಗೊಂಬೆನಾ? ನಾವು ಆರ್ಡರ್ ಮಾಡಿಲ್ಲ,” ಎಂದು ಅವನು ಬಾಗಿಲು ಹಾಕಿದ. ಎರಡನೆಯ ಮನೆಯಲ್ಲಿ ಗೊಂಬೆಯಿರಲಿಲ್ಲ, ಒಂದು ಬಾಳೆಹಣ್ಣು ಸಿಕ್ಕಿತು. ಮುಂದಿನ ಮನೆಯಲ್ಲಿ ಇಬ್ಬರು ಅಕ್ಕತಂಗಿಯರು, ಅವರ ಅಜ್ಜಿಗೆ ನಗುವೋ ನಗು: “ಹೋಗಿ ಬನ್ರೇ, ನನ್ನ ಕಾಲು ಗಟ್ಟಿ ಇದ್ದಿದ್ರೆ ನಾನೇ ಬರ್ತಿದ್ದೆ.” ಮೂರನೆಯ ಮಹಡಿಯಲ್ಲಿ ಬಾಗಿಲು ತೆಗೆದದ್ದು ಅಮರ್, ಹಿಂದೆಯೇ ಅವನ ತಾಯಿ. ಆ ತಾಯಿ ಸೌಮ್ಯಳನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆ ನೋಟವನ್ನೂ ಸೌಮ್ಯ ಬಲ್ಲಳು.

“ಎದುರು ಮನೆಯವಳು ಕಣ್ರೀ ನಾನು, ನೀರಿನ ಚಾಮಯ್ಯನವರ ಸೊಸೆ. ನಮ್ಮತ್ತೆ ಗೊಂಬೆ ಕೂರ್ಸಿದ್ದಾರೆ. ನೀವೂ ಜೊತೆಗೇ ಬನ್ನಿ. ಮಗುನ ಒಂದನ್ನೇ ಕಳ್ಸಿ ಅನ್ನಲ್ಲ, ನನಗೂ ನಿಮ್ಮಷ್ಟೇ ಭಯ.”

ಆಕೆ ಬಾಗಿಲನ್ನು ಪೂರ್ತಿ ತೆರೆದು, “ಸ್ವಲ್ಪ ಇರಿ, ಒಲೆ ಆರಿಸ್ ಬರ್ತೀನಿ,” ಎಂದಳು.

ಆಮೇಲೆ ಯಾರನ್ನೂ ಕರೆಯಬೇಕಾಗಲಿಲ್ಲ. ಮೆಟ್ಟಿಲ ಮೇಲೆ ಮಕ್ಕಳ ಸದ್ದು ಕೇಳಿ ಬೇರೆ ಬಾಗಿಲುಗಳು ತಾವೇ ತೆರೆದುಕೊಂಡವು. ರಸ್ತೆ ದಾಟುವಾಗ ಮಂಟೇಸ್ವಾಮಿ ನಡುರಸ್ತೆಯಲ್ಲಿ ಕೈ ಚಾಚಿ ನಿಂತು ಕಾರು, ಬೈಕುಗಳನ್ನೆಲ್ಲ ತಡೆದ. ಗೇಟಿನ ಮುಂದೆ ನಿಂತ ಗುಂಪು, ಹೇಳಿಕೊಟ್ಟ ಮಾತನ್ನು ತಪ್ಪು ತಪ್ಪಾಗಿ, ಬೀದಿ ಕೇಳುವಂತೆ ಕೂಗಿತು.

ಸುಮಿತ್ರಮ್ಮ ಬಾಗಿಲಿಗೆ ಬಂದರು. ಕೈ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಿತು. “ಕೂರ್ಸಿವ್ನಿ ಕಣ್ರಪ್ಪಾ, ಕೂರ್ಸಿವ್ನಿ. ಬನ್ನಿ ಒಳೀಕೆ,” ಎಂದರು.

ಆದರೆ ಅವತ್ತೇ ಒಂದು ಎಡವಟ್ಟಾಗಿತ್ತು. ಯಾರೂ ಬರುವುದಿಲ್ಲವೆಂದು ಸುಮಿತ್ರಮ್ಮ ನಿನ್ನೆಯ ಕೋಡುಬಳೆಯನ್ನೆಲ್ಲ ಮನೆ ಕೆಲಸದವಳ ಕೈಗೆ ಕೊಟ್ಟು ಕಳಿಸಿ, ಸಂಜೆಗೆ ಒಂದು ಸಣ್ಣ ಬಟ್ಟಲಿನಷ್ಟು ಮಾತ್ರ ಕರಿದಿದ್ದರು. ಗೊಂಬೆ ನೋಡಿ, ಹಾಡಿ ಮುಗಿಸಿದ ಮಕ್ಕಳು ಕೈ ಚಾಚಿ ಕೂತರು. ಬಟ್ಟಲು ನೋಡಿದರೆ ಇಷ್ಟು, ಕೈಗಳು ನೋಡಿದರೆ ಅಷ್ಟು.

ಚಾಮಯ್ಯನವರಿಗೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವಂತಿರಲಿಲ್ಲ. “ನೋಡ್ದಾ? ಜನ ಎಚ್ಚಾದ್ರೆ ಇದೇ ಗತಿ. ನಾನು ಯೋಳಿದ್ದು ಇದನ್ನೇ ಅಲ್ವಾ ಆವತ್ತಿಂದ?”

“ಯೋಳಿದ್ದು ಆಯ್ತಲ್ಲ, ಈಗ ಮುರೀರಿ,” ಎಂದು ಸುಮಿತ್ರಮ್ಮ ಬಟ್ಟಲನ್ನು ಅವರ ಮುಂದೆ ತಳ್ಳಿದರು.

ಮೂವತ್ತು ವರ್ಷ ಊರಿಗೆ ನೀರು ಹಂಚಿದ ಮನುಷ್ಯ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದೇ ಕೋಡುಬಳೆಯನ್ನು ಬೆರಳ ನಡುವೆ ಅಳೆದು ಮುರಿಯತೊಡಗಿದರು. ಅಮರ್ ತನ್ನ ತುಂಡನ್ನು ಎತ್ತಿ ಹಿಡಿದು, “ಅಜ್ಜಿ, ನಂದು ಚಿಕ್ಕದು!” ಎಂದ.

“ಏಯ್, ನಾನು ಒಂಬತ್ತು ಮಕ್ಳ ಮನೇಲಿ ಬೆಳ್ದೋಳು. ಚಿಕ್ಕದು ಅಂದೋರ ಪಾಲನ್ನ ಪಕ್ಕದೋನು ತಿಂದ್ಬುಡ್ತಿದ್ದ. ಬಾಯಿಗ್ ಆಕು ಬೇಗ.”

ಅಮರ್ ಗಬಕ್ಕನೆ ಬಾಯಿಗೆ ಹಾಕಿಕೊಂಡ. ಮಕ್ಕಳೆಲ್ಲ ನಕ್ಕರು. ಆ ಗದ್ದಲದಲ್ಲಿ ಸಿಂಚನಳ ಕೈ ಯಾವಾಗಲೋ ಸೌಮ್ಯಳ ಕೈಯಿಂದ ಬಿಡಿಸಿಕೊಂಡು ಹೋಗಿತ್ತು. ಸೌಮ್ಯ ಅಭ್ಯಾಸದಂತೆ ಕಣ್ಣಲ್ಲೇ ಹುಡುಕಿದಳು. ತಲೆಗಳ ನಡುವೆ ಎಲ್ಲೋ ಕೆಂಪು ರಿಬ್ಬನ್ ಕಂಡಿತು. ಎದ್ದು ಹೋಗಿ ಎಳೆದು ತರಬೇಕೆನ್ನಿಸಿತು. ಕೂತೇ ಇದ್ದಳು. ರಿಬ್ಬನ್ ಒಮ್ಮೆ ಮುಳುಗಿತು, ಮತ್ತೆ ಎದ್ದಿತು. ಪಕ್ಕದಲ್ಲಿ ಅಮರನ ತಾಯಿಯೂ ಹಾಗೇ ಕತ್ತು ಉದ್ದ ಮಾಡಿಕೊಂಡು ಕೂತಿದ್ದಳು. ಇಬ್ಬರ ಕಣ್ಣೂ ಕೂಡಿ, ಇಬ್ಬರಿಗೂ ನಗು ಬಂತು.

ಎಲ್ಲರೂ ಹೋದ ಮೇಲೆ ನಡುಮನೆಯ ತುಂಬ ಪುಡಿ. ಕಾಲಿಟ್ಟಲ್ಲೆಲ್ಲ ಚರಚರ. ರಾಣಿಯ ಮೂಗಿನ ಮೇಲೂ ಎಣ್ಣೆಯ ಬೆರಳಿನ ಗುರುತು. ಸುಮಿತ್ರಮ್ಮ ಅದನ್ನು ಒರೆಸಲಿಲ್ಲ. ಕೆಲಸ ಮುಗಿಸಿ ಬಂದ ಮಗ ವಿಜಯ್‌ಕುಮಾರನಿಗೆ ಚಪ್ಪಲಿ ಬಿಡಲೂ ಪುರುಸೊತ್ತು ಕೊಡಲಿಲ್ಲ.

“ವಿಜಿ, ಅಂಗೇ ತಿರುಗ್ಕೊಂಡು ಓಗಿ ಅಕ್ಕಿ ಹಿಟ್ಟು ತಂದ್ಬುಡು. ಜಾಸ್ತೀನೇ ತಾ. ನಾಳೆಗೂ ಬತ್ತೀವಿ ಅಂದವೆ.”

“ನಾಳೆ ನೀರು ಬರೋ ದಿನ ಅಲ್ಲ,” ಎಂದರು ಚಾಮಯ್ಯ. “ಅಷ್ಟೂ ಮಕ್ಳು ಕೈ ತೊಳ್ಕೊಂಡು ಓದ್ರೆ ತೊಟ್ಟಿ ಖಾಲಿ.”

“ಮತ್ಯಾಕೆ ಕಟ್ಸಿದ್ದು ಅದನ್ನ?”

ಚಾಮಯ್ಯ ಬೆರಳಿಗಂಟಿದ ಪುಡಿಯನ್ನು ನೆಕ್ಕುತ್ತ, ತೊಟ್ಟಿಯಲ್ಲಿ ನೀರು ಎಷ್ಟಿದೆ ನೋಡಿ ಬರಲು ಮೆಟ್ಟಿಲು ಹತ್ತಿದರು. ಸಿಂಚನ “ತಾತಾ, ನಾನೂ!” ಎಂದು ಅವರ ಹಿಂದೆ ಓಡಿದಳು. ಸೌಮ್ಯ “ಹುಷಾರು” ಎನ್ನಲು ಬಾಯಿ ತೆರೆದಳು, ಅಂದೂಬಿಟ್ಟಳು. ಆದರೆ ಹಿಂದೆ ಹೋಗಲಿಲ್ಲ. ಅತ್ತೆಯ ಪಕ್ಕದಲ್ಲಿ ಕೂತು ಪುಡಿ ಗುಡಿಸತೊಡಗಿದಳು.