ಗಾಲಿಯಮ್ಮ ಕುರ್ಚಿ ಬಿಟ್ಟಿದ್ದು

ಗಾಲಿಯಮ್ಮ ಎದ್ದು ನಿಂತದ್ದನ್ನು ಕಂಡವರು ಆ ಬೀದಿಯಲ್ಲಿ ಕಡಿಮೆ. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಯಾವುದೋ ಕಚೇರಿ ಮುಚ್ಚಿದಾಗ ಹರಾಜಿನಲ್ಲಿ ತಂದ ಚಕ್ರದ ಕುರ್ಚಿಯೇ ಅವಳ ಸಿಂಹಾಸನ. ಕತ್ತರಿ ಕೊರಳಲ್ಲಿ ನೇತಾಡುತ್ತಿತ್ತು. ಇಸ್ತ್ರಿಪೆಟ್ಟಿಗೆ ಎಡಗಡೆ, ನೀರಿನ ಬಾಟಲಿ ಬಲಗಡೆ. ಬಾಗಿಲಿಗೆ ಗಿರಾಕಿ ಬಂದರೆ ಹಿಮ್ಮಡಿಯಿಂದ ನೆಲವನ್ನು ಒಮ್ಮೆ ಒದ್ದು, ಕುರ್ಚಿ ಸಮೇತ ಜಾರಿಕೊಂಡು ಬಂದು, ಪ್ಯಾಂಟೋ ಪರದೆಯೋ ಕೈಗೆ ತೆಗೆದುಕೊಂಡು ಹಾಗೇ ವಾಪಸ್ಸು ಜಾರುತ್ತಿದ್ದಳು. ಹೆಸರು ಬಿದ್ದದ್ದು ಹೀಗೆ.

ಸೋಮಾರಿ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಹರೆಯದಲ್ಲಿ ಅವಳು ಬಟ್ಟೆ ಕಾರ್ಖಾನೆಯಲ್ಲಿದ್ದಳು. ಅಲ್ಲಿ ಜಾಗ ಬಿಟ್ಟು ಎದ್ದವಳ ಮೇಲೆ ಸೂಪರ್‌ವೈಸರ್ ಹರಿಹಾಯುತ್ತಿದ್ದ ರೀತಿಗೆ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಎದ್ದವಳು ಕೆಲಸಗಳ್ಳಿ ಎಂಬ ಮಾತು ಆಗಲೇ ಅವಳ ಮೂಳೆಗಿಳಿದಿತ್ತು. ಗಂಡ ತೀರಿಕೊಂಡ ಮೇಲೆ ಮನೆಯಲ್ಲೇ ಮಷಿನ್ ಹಾಕಿಕೊಂಡು ಮಗನನ್ನು ಓದಿಸಿದಳು. "ನಾನು ಕೂತೇ ಮನೆ ನಡೆಸಿದವಳು" ಎಂದು ಹೇಳುವಾಗ ಅವಳ ಗದ್ದ ತಾನಾಗಿ ಮೇಲೇಳುತ್ತಿತ್ತು. ಗದ್ದವೊಂದೇ. ಮೊಣಕಾಲುಗಳು ಏಳುವ ಅಭ್ಯಾಸವನ್ನು ಯಾವಾಗಲೋ ಮರೆತಿದ್ದವು.

ಸೊಸೆ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆದುಕೊಡುವ ಕೌಂಟರಿನವಳು. ಹೆರಿಗೆ ರಜೆ ಮುಗಿದ ಮೇಲೆ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಹೋಗುತ್ತಿದ್ದಳು. ಮಗು ಅಂಬೆಗಾಲಿಡುವವರೆಗೆ ಎಲ್ಲ ಚೆನ್ನಾಗಿತ್ತು. ಎರಡು ತುಂಬುವ ಹೊತ್ತಿಗೆ ಪುಟ್ಟಿ ಓಡತೊಡಗಿದಳು. ಒಳಗೆ, ಹೊರಗೆ, ಮೆಟ್ಟಿಲಿಗೆ, ಬಚ್ಚಲಿಗೆ. ಕುರ್ಚಿಗೆ ಹೊಸ್ತಿಲು ದಾಟಲಾಗುತ್ತಿರಲಿಲ್ಲ.

ಗಾಲಿಯಮ್ಮ ತನ್ನ ಕಸುಬಿಗೆ ತಕ್ಕ ಉಪಾಯ ಹುಡುಕಿದಳು. ಅಗಲವಾದ ಲಾಡಿ, ಒಳಗೆ ಹತ್ತಿ ತುಂಬಿದ ಮೆತ್ತನೆಯ ಎದೆಪಟ್ಟಿ, ಎರಡೆರಡು ಸಲ ಹೊಡೆದ ಹೊಲಿಗೆ. ಎದೆಪಟ್ಟಿ ಮಗುವಿಗೆ, ಲಾಡಿಯ ತುದಿ ಮಷಿನ್ ಕಾಲಿಗೆ. ಒಂದು ಮಧ್ಯಾಹ್ನ ಬೇಗ ಬಂದ ಸೊಸೆ ಬಾಗಿಲಲ್ಲೇ ಕಲ್ಲಾದಳು.

"ಇದೇನತ್ತೆ?"

"ಹೇಗಿದೆ ಹೇಳು. ಅಂಚಿಗೆ ಬಳ್ಳಿ ಹೂವು ಬೇರೆ ಹಾಕಿದೀನಿ" ಎಂದಳು ಗಾಲಿಯಮ್ಮ, ಹೊಗಳಿಕೆಗೆ ಕಾಯುತ್ತ.

"ನನ್ನ ಮಗೂನ ಕಟ್ಟಿ ಹಾಕಿದೀರಾ? ಕರುನ ಕಟ್ಟಿದ ಹಾಗೆ?"

"ಕಟ್ಟದಿದ್ರೆ ಮೆಟ್ಟಿಲಿಂದ ಉರುಳಿರೋದು. ಆಗ ಬಂದು ಇದೇ ಬಾಯಲ್ಲಿ ಬೈತಿದ್ದೆ."

"ಉರುಳಿದ್ರೆ ಎದ್ದು ಹೋಗಿ ಹಿಡಿಯಕ್ಕೆ ನಿಮ್ಮ ಕೈಲಿ ಆಗಲ್ಲ. ಅದನ್ನ ಹೇಳಿ ಮೊದಲು. ಆಗುತ್ತಾ? ಎಲ್ಲಿ, ನೆಲದ ಮೇಲೆ ಕೂತು ಎದ್ದು ತೋರಿಸಿ."

ಹಟಕ್ಕೆ ಬಿದ್ದು ಗಾಲಿಯಮ್ಮ ಕೂತೇಬಿಟ್ಟಳು. ಏಳಲಾಗಲಿಲ್ಲ. ಮಗ್ಗುಲಾದಳು, ಅಂಗೈ ಊರಿದಳು, ಮಂಡಿ ಊರಿದಳು. ಪುಟ್ಟಿ ಆಟವೆಂದುಕೊಂಡು ಚಪ್ಪಾಳೆ ತಟ್ಟಿದಳು. ಸೊಸೆ ಕೈ ಚಾಚಿದಾಗ ಅತ್ತೆ ಅದನ್ನು ಒದರಿ, ಮಗ ಕೆಲಸದಿಂದ ಬರುವತನಕ ನೆಲದಲ್ಲೇ ಕೂತು ಗುಂಡಿ ಹಚ್ಚಿದಳು. ಮಗ ಬಂದು ಕಂಕುಳಿಗೆ ಕೈ ಕೊಟ್ಟು ಎತ್ತಿದ. ಅವನು ಎರಡೂ ಕಡೆ ಮಾತಾಡದೆ ಬದುಕುವ ಜಾಣ.

"ಸೋಮವಾರದಿಂದ ಪುಟ್ಟಿ ಡೇ ಕೇರಿಗೆ" ಎಂದಳು ಸೊಸೆ. ಅಷ್ಟಕ್ಕೇ ಬಿಡಲಿಲ್ಲ. ಇಸ್ತ್ರಿಪೆಟ್ಟಿಗೆ ಅಡುಗೆಮನೆಗೆ ಹೋಯಿತು. ದಾರದ ಡಬ್ಬ ಹಿಂದಿನ ಕೋಣೆಯ ಕಪಾಟಿಗೆ, ನೀರು ಹಿತ್ತಲ ಬಾಗಿಲ ಬಳಿಗೆ. "ಬೇಕಾದಾಗೆಲ್ಲ ಎದ್ದು ತಗೊಳ್ಳಿ. ಬೇರೆ ಔಷಧಿ ಇಲ್ಲ ನಿಮಗೆ. ದಿನಾ ನಿಮ್ಮಂಥೋರನ್ನ ಗಾಲಿ ಮಂಚದ ಮೇಲೆ ತಳ್ಕೊಂಡು ಬರೋದನ್ನ ನಾನು ನೋಡ್ತೀನಿ."

"ನೋಡು, ನೋಡು. ನನ್ನನ್ನೂ ಅದರ ಮೇಲೆ ನೋಡೋ ಆಸೆ ನಿಂಗೆ."

ಗಾಲಿಯಮ್ಮ ಸೋಲುವವಳಲ್ಲ. ಬಂದ ಗಿರಾಕಿಗಳನ್ನೇ ಆಳು ಮಾಡಿಕೊಂಡಳು. "ಹಾಗೇ ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆ ತಂದ್ಕೊಡಮ್ಮ, ನಿನ್ನ ಲಂಗಕ್ಕೇ ಬೇಕು." ಒಬ್ಬ ಮೇಷ್ಟ್ರು ಪ್ಯಾಂಟಿನ ಅಂಚು ಮಡಿಸಲು ಕೊಟ್ಟು, ದಾರ, ನೀರು, ಕೊನೆಗೆ ಅವಳ ಕನ್ನಡಕವನ್ನೂ ತಂದುಕೊಟ್ಟು ಬೆವರೊರೆಸಿಕೊಂಡು ಹೋದರು. ಇಡೀ ಬೀದಿಗೆ ವ್ಯಾಯಾಮವಾಯಿತು, ಅವಳೊಬ್ಬಳನ್ನು ಬಿಟ್ಟು.

ಆದರೆ ಮನೆಯಲ್ಲಿ ಮಗುವಿನ ಸದ್ದಿಲ್ಲ. ಮಷಿನ್ ನಿಲ್ಲಿಸಿದಾಗಲೆಲ್ಲ ಪುಟ್ಟಿ ಅತ್ತ ಹಾಗೆ ಕೇಳುತ್ತಿತ್ತು. ಮೂರು ಬೀದಿ ಆಚೆಯ ಅಳು ಇಲ್ಲಿಗೆ ಕೇಳಿಸುವುದಿಲ್ಲ ಎಂಬುದು ಅವಳಿಗೂ ಗೊತ್ತು. ಬುಧವಾರ ಅವಳು ಕುರ್ಚಿಯ ತೋಳು ಹಿಡಿದು ಎದ್ದು, ಬಾಗಿಲಿಗೆ ಬೀಗ ಹಾಕಿ ಹೊರಟಳು.

ಮೊದಲ ಬೀದಿಯಲ್ಲಿ ಔಷಧಿ ಅಂಗಡಿಯ ಕಟ್ಟೆ, ಎರಡನೆಯದರಲ್ಲಿ ಯಾರೋ ನಿಲ್ಲಿಸಿದ ಸ್ಕೂಟರು, ಕೊನೆಗೆ ಒಂದು ಮೋರಿಯ ಹಾಸುಗಲ್ಲು. ಎಲ್ಲ ಕಡೆ ಕೂತಳು. ಏಳಬೇಕಾದಾಗಲೆಲ್ಲ ಸೊಸೆಯನ್ನು ಬೈದಳು. ಬೈದರೆ ಮಂಡಿ ಬೇಗ ಏಳುತ್ತಿತ್ತು. ಡೇ ಕೇರಿನ ಗೇಟಿನ ಸಂದಿಯಲ್ಲಿ ಇಣುಕಿದರೆ ಪುಟ್ಟಿ ಅಳುತ್ತಿರಲಿಲ್ಲ. ಯಾವುದೋ ಮಗುವಿನ ಕೂದಲು ಜಗ್ಗುತ್ತ ಕಿಲಕಿಲ ನಗುತ್ತಿದ್ದಳು. ಅಜ್ಜಿಗೆ ಅವಮಾನವಾಯಿತು. ನಾಳೆ ಅಳುತ್ತಾಳೆ, ನೋಡೇಬಿಡೋಣ ಎಂದು ಮರುದಿನವೂ ಹೋದಳು. ಆಚೆ ದಿನವೂ. ಆ ಬೀದಿಯವರು ಅವಳನ್ನು ನೋಡಿ ನೋಡಿ ಸಾಕಾಗಿ, ಕೊನೆಗೆ ನೋಡುವುದನ್ನೇ ಬಿಟ್ಟರು. ಮೊದಲು ಹಾಸುಗಲ್ಲು ಬೇಡವಾಯಿತು, ಆಮೇಲೆ ಸ್ಕೂಟರು.

ಡೇ ಕೇರಿನಾಕೆ ಸೊಸೆಗೆ ಹೇಳಿಬಿಟ್ಟಳು. ಅವತ್ತು ಸಂಜೆ ಚಪ್ಪಲಿ ಬಿಡುವ ಮುಂಚೆಯೇ ಜಗಳ ಶುರುವಾಯಿತು.

"ಗೇಟ್ ಹತ್ರ ನಿಂತು ಕಳ್ಳಿ ಥರ ಇಣುಕ್ತೀರಂತೆ. ನನ್ನ ಮಾನ ಹೋಯ್ತು."

"ರಸ್ತೆಗೆ ನಿನ್ನ ಅಪ್ಪಣೆ ಬೇಕಾ?"

"ಯಾವುದರಲ್ಲಿ ಹೋಗ್ತೀರಿ? ಆಟೋದಲ್ಲಾ?"

"ಆಟೋ ಯಾಕೆ? ದೇವರು ಕಾಲು ಕೊಟ್ಟಿದಾನೆ."

ಸೊಸೆ ಒಂದು ಗಳಿಗೆ ಅತ್ತೆಯ ಕಾಲುಗಳನ್ನೇ ದಿಟ್ಟಿಸಿದಳು. ಮೆಚ್ಚುಗೆ ಇರಲಿಲ್ಲ, ಔಷಧಿಯ ಬಾಟಲಿಯನ್ನು ತಿರುಗಿಸಿ ತಾರೀಖು ನೋಡುವಂಥ ನೋಟ. "ಹಾಗಿದ್ರೆ ನಾಳೆ ಮಧ್ಯಾಹ್ನ ನೀವೇ ಕರ್ಕೊಂಡು ಬನ್ನಿ. ನಡ್ಕೊಂಡೇ. ಒಂದು ಗೀರು ಬಿದ್ದಿರಲಿ ಮಗೂಗೆ, ಆಮೇಲೆ ಅವಳ ನೆರಳು ಕೂಡ ತೋರಿಸಲ್ಲ."

"ಆಗಲಿ ಮಹಾರಾಯ್ತಿ."

ಮರುದಿನ ಬಿಸಿಲಲ್ಲಿ ಪುಟ್ಟಿಯ ಕೈ ಹಿಡಿದು ಗಾಲಿಯಮ್ಮ ಹೊರಟಳು. ಅರ್ಧ ದಾರಿಯಲ್ಲಿ ಪುಟ್ಟಿ ಕೂತುಬಿಟ್ಟಳು. ಎತ್ತಿಕೋ ಎಂದು ಎರಡೂ ಕೈ ಮೇಲೆ. ಮಂಡಿಯೂರಿ ಬಗ್ಗಿದಾಗ ಗಾಲಿಯಮ್ಮನ ಕಣ್ಣಿಗೆ ಎದುರು ಸಾಲಿನ ಅಂಗಡಿಯ ಕಂಬದ ಹಿಂದೆ ಒಂದು ನೀಲಿ ಕೈಚೀಲ ಬಿತ್ತು. ಸೊಸೆಯದೇ. ಕೆಲಸಕ್ಕೆ ರಜೆ ಹಾಕಿ ಕಾವಲು ನಿಂತಿದ್ದಾಳೆ. ಪಿತ್ತ ನೆತ್ತಿಗೇರಿತು. ಅದೇ ಸಿಟ್ಟಿನಲ್ಲಿ ತಲೆಯೆತ್ತಿ ಆ ಕಂಬವನ್ನೇ ದುರುಗುಟ್ಟಿಕೊಂಡು ನೋಡಿದಳು. ನೋಡುತ್ತ ಕೈ ಸಡಿಲಾಯಿತು. ಪುಟ್ಟಿ ಎದ್ದು ರಸ್ತೆಗೆ ಓಡಿದಳು.

ಒಂದು ಟೆಂಪೋ ಬರುತ್ತಿತ್ತು. ಸೊಸೆ ಆಚೆಯಿಂದ ಕಿರುಚಿದಳು. ಗಾಲಿಯಮ್ಮ ಬೈಯಲಿಲ್ಲ, ಯಾವುದನ್ನೂ ಹಿಡಿದುಕೊಳ್ಳಲಿಲ್ಲ. ಹೇಗೆ ಎದ್ದಳೋ, ಎಷ್ಟು ಹೆಜ್ಜೆ ಹಾಕಿದಳೋ. ಮಗುವಿನ ಫ್ರಾಕಿನ ಬೆನ್ನು ಅವಳ ಮುಷ್ಟಿಯಲ್ಲಿತ್ತು. ಟೆಂಪೋದವನು ಹಾರನ್ ಒತ್ತಿಕೊಂಡೇ ಹೋದ.

ಸೊಸೆ ಓಡಿ ಬಂದು ಮಗುವನ್ನು ಕಿತ್ತುಕೊಂಡಳು. ಕೈ, ಮಂಡಿ, ಹಣೆ ಎಲ್ಲ ತಡವಿ ನೋಡಿದಳು. "ಕೈ ಯಾಕೆ ಬಿಟ್ರಿ?"

"ಕಂಬದ ಹಿಂದೆ ಯಾಕೆ ನಿಂತಿದ್ದೆ? ನಿನ್ನ ನೋಡೋ ಅಷ್ಟರಲ್ಲೇ ಬಿಟ್ಟಿದ್ದು."

"ನನ್ನದಾ ತಪ್ಪು?"

"ಹಿಡಿದಿದ್ದು ಕಾಣಿಸ್ಲಿಲ್ವಾ ನಿಂಗೆ? ಬಿಟ್ಟಿದ್ದು ಮಾತ್ರ ಕಾಣಿಸುತ್ತೆ."

ಸೊಸೆ ಮಗುವನ್ನು ಎದೆಗವಚಿಕೊಂಡು ನಾಲ್ಕು ಹೆಜ್ಜೆ ಮುಂದೆ ನಡೆದಳು. ಗಾಲಿಯಮ್ಮ ಹಿಂದೆ ಏದುಸಿರು ಬಿಡುತ್ತ ಬಂದಳು. ತಿರುವಿನಲ್ಲಿ ಸೊಸೆ ನಿಂತಳು, ಆದರೆ ತಿರುಗಿ ನೋಡಲಿಲ್ಲ.

"ನಾಳೆ ಈ ದಾರಿ ಬೇಡ. ಹಿಂದಿನ ಗಲ್ಲಿಯಲ್ಲಿ ಕರ್ಕೊಂಡು ಬನ್ನಿ. ಅಲ್ಲಿ ಗಾಡಿ ಓಡಾಡಲ್ಲ."

"ಅದು ಸುತ್ತು ದಾರಿ ಕಣೇ."

"ಗೊತ್ತು" ಎಂದಳು ಸೊಸೆ.